ಹೈಡ್ರಾಕ್ಸಿಕ್ಲೋರೋಕ್ವಿನ್ ತಗೊಳ್ಳುವವರ ಕಣ್ಣು: ಡೋಸಿನ ಲೆಕ್ಕ, ತಪಾಸಣೆ, ಮತ್ತೆ ಸ್ಟಿರಾಯ್ಡ್

ಗುಳಿಗೆ ಲೆಕ್ಕ (ಕುಮಟಾ)

ಲೂಪಸ್ (ಮೈಯ ರಕ್ಷಣಾಶಕ್ತಿ ಮೈಯನ್ನೇ ಕಾಡುವ ಕಾಯಿಲೆ), ಆಮವಾತ, ಷೋಗ್ರೆನ್ಸ್ (ಕಣ್ಣು, ಬಾಯಿ ಒಣಗಿಸುವ ಕಾಯಿಲೆ), ಚರ್ಮದ ಲೈಕೆನ್ ಪ್ಲೇನಸ್ ಇವುಗಳ ಚೀಟಿಯಲ್ಲಿ ಹೈಡ್ರಾಕ್ಸಿಕ್ಲೋರೋಕ್ವಿನ್ ಮಾಮೂಲಿ. ಮಲೇರಿಯಾಕ್ಕೆ ಅಂತ ಬಂದ ಔಷಧಿ, ಈಗ ಹೆಚ್ಚುಕಮ್ಮಿ ಕೀಲು ಮತ್ತು ಚರ್ಮದವರದ್ದೇ ಆಗಿಹೋಗಿದೆ. ಗುಳಿಗೆಯ ಬೆನ್ನಿಗೇ "ಇದು ಕಣ್ಣು ತಿಂತದೆ" ಅನ್ನುವ ಮಾತೂ ಮನೆಗೆ ಬರ್ತದೆ. ಮಾತು ಪೂರ್ತಿ ಸುಳ್ಳಲ್ಲ. ಆದರೆ ಲೆಕ್ಕ ಗೊತ್ತಿಲ್ಲದೆ ಹೆದರುವವರು ಒಂದು ಕಡೆ, ಲೆಕ್ಕ ಗೊತ್ತಿಲ್ಲದೆ ಹೆದರದೇ ಇರುವವರು ಇನ್ನೊಂದು ಕಡೆ.

ಲೆಕ್ಕ ಇಷ್ಟೇ: ದಿನಕ್ಕೆ, ಮೈತೂಕದ ಪ್ರತಿ ಕಿಲೋಗೆ 5 ಮಿ.ಗ್ರಾಂ. ಮೀರಬಾರದು. ಅಮೆರಿಕದ ನೇತ್ರವೈದ್ಯರ ಅಕಾಡೆಮಿ 2016ರಲ್ಲಿ ಕೊಟ್ಟ ಮಿತಿ ಇದು. ಅದಕ್ಕಿಂತ ಮುಂಚೆ "ಎತ್ತರಕ್ಕೆ ತಕ್ಕ ಆದರ್ಶ ತೂಕ"ಕ್ಕೆ 6.5 ಅಂತ ಇತ್ತು. ಕೆಲವರ ಬಾಯಲ್ಲಿ ಇನ್ನೂ ಹಳೇ ಲೆಕ್ಕವೇ ಓಡ್ತಾ ಇದೆ. ಈಗಿನದು ತಕ್ಕಡಿ ಮೇಲೆ ನಿಂತಾಗ ಬರುವ ನಿಜವಾದ ತೂಕಕ್ಕೆ.

40 ಕೆ.ಜಿ. ಇದ್ದರೆ ದಿನಕ್ಕೆ 200. 60 ಇದ್ದರೆ 300. 400 ಮಿ.ಗ್ರಾಂ. ಬೇಕಾದರೆ 80 ಕೆ.ಜಿ. ಇರಬೇಕು. ನಮ್ಮ ಕಡೆಯ ಹೆಂಗಸರಲ್ಲಿ 80 ಕೆ.ಜಿ.ಯವರು ಎಷ್ಟು ಜನ ನೀವೇ ಹೇಳಿ. 50 ಕೆ.ಜಿ.ಯವರು ದಿನಾ 400 ನುಂಗಿದರೆ ಕಿಲೋಗೆ 8 ಆಯ್ತು. ತೊಂದರೆಯ ಮೂಲ ಬಹುತೇಕ ಇಲ್ಲೇ ಇರ್ತದೆ.

ಗುಳಿಗೆ ಸಿಗುವುದು 200, 300, 400ರಲ್ಲಿ. ಮಧ್ಯದ ಡೋಸಿಗೆ ತುಂಡು ಮಾಡಬೇಡಿ. ಮೇಲಿನ ಲೇಪ ಒಡೆದರೆ ಕಹಿ ನಾಲಗೆಗೆ ಅಂಟಿ ಕೂರ್ತದೆ, ತುಂಡೂ ಸಮ ಬರುವುದಿಲ್ಲ. ಈ ಔಷಧಿ ಮೈಯಲ್ಲಿ ತಿಂಗಳುಗಟ್ಟಲೆ ಇರ್ತದೆ, ಅರ್ಧ ಇಳಿಯಲಿಕ್ಕೇ ಸುಮಾರು 40 ದಿನ. ಹಾಗಾಗಿ ವಾರದ ಸರಾಸರಿ ಸರಿಯಿದ್ದರೆ ಸಾಕು. 60 ಕೆ.ಜಿ.ಗೆ ಒಂದು ದಿನ 200, ಮರುದಿನ 400. 52 ಕೆ.ಜಿ.ಗೆ ವಾರದಲ್ಲಿ ಐದು ದಿನ 200, ಎರಡು ದಿನ 400. 45 ಕೆ.ಜಿ.ಗೆ ಆರು ದಿನ 200, ಭಾನುವಾರ ಮಾತ್ರ 400. ಬದಲಾವಣೆ ಬರೆದುಕೊಡುವವರು ಡಾಕ್ಟ್ರೇ. ನೀವು ತಕ್ಕಡಿ ಹತ್ತಿ, ಆ ಅಂಕಿ ಅವರ ಮುಂದೆ ಇಡಿ.

ತೋಟದಮನೆ (ಶಿರಸಿ)

ಲೆಕ್ಕ ಸರಿ ಕೊಟ್ರಿ. ಎರಡು ಪ್ರಶ್ನೆ.

ಒಂದು, ಕಣ್ಣಿನ ತಪಾಸಣೆ ಯಾವಾಗಿಂದ? ಕೆಲವರು ಆರು ತಿಂಗಳಿಗೊಮ್ಮೆ ಹೇಳ್ತರು, ಕೆಲವರು ಐದು ವರ್ಷ ಎಂತದೂ ಬೇಡ ಹೇಳ್ತರು.

ಎರಡು, ಕಣ್ಣಿಗೆ ಔಷಧಿ ಬಿಟ್ಟು ಒಳಗೆ ದೀಪ ಹಾಕಿ ನೋಡಿ "ಸಮ ಇದ್ದು" ಹೇಳಿ ಕಳಿಸ್ತರಲ್ಲ, ಅಷ್ಟೇ ಸಾಕಾ?

ಶರಾವತಿ ದಂಡೆ (ಹೊನ್ನಾವರ)

ತೋಟದಮನೆ ಹೆಗಡೇರೇ, ಮೊದಲನೇದಕ್ಕೆ ನಾನು ಹೇಳ್ತೇನೆ. ಎರಡನೇದಕ್ಕೆ ಕಾರವಾರದವರು ಬರಲಿ.

ತೂಕಕ್ಕೆ ತಕ್ಕ ಡೋಸ್ ಇದ್ದಾಗ ಮೊದಲ 5 ವರ್ಷದಲ್ಲಿ ರೆಟಿನಾಗೆ (ಕಣ್ಣಿನ ಹಿಂಬದಿಯಲ್ಲಿ ಬೆಳಕು ಹಿಡಿಯುವ ಪರದೆಗೆ) ಪೆಟ್ಟಾಗುವ ಸಾಧ್ಯತೆ ಶೇ. 1ಕ್ಕಿಂತ ಕಮ್ಮಿ. 10 ವರ್ಷದವರೆಗೆ ಶೇ. 2ಕ್ಕಿಂತ ಕಮ್ಮಿ. 20 ವರ್ಷ ದಾಟಿದರೆ ಶೇ. 20ರ ಹತ್ತಿರ ಹೋಗ್ತದೆ. ಈ ಇಪ್ಪತ್ತು ಕೇಳಿ ಕೈಕಾಲು ತಣ್ಣಗೆ ಮಾಡ್ಕೊಳ್ಳಬೇಡಿ. 20 ವರ್ಷ ತಗೊಂಡೂ ರೆಟಿನಾ ಸ್ವಚ್ಛ ಇದ್ದವರಿಗೆ ಮುಂದಿನ ಒಂದು ವರ್ಷದಲ್ಲಿ ಬರುವ ಸಾಧ್ಯತೆ ಶೇ. 4. ಈ ಅಂಕಿಗಳು 2014ರಲ್ಲಿ ಅಮೆರಿಕದಲ್ಲಿ 2,361 ಜನರನ್ನು ನೋಡಿ ಮಾಡಿದ ಅಧ್ಯಯನದಿಂದ ಬಂದವು. ಅಲ್ಲಿಯವರೆಗೆ ಎಲ್ಲರೂ ತೀರಾ ಅಪರೂಪ ಅಂತಲೇ ತಿಳಿದಿದ್ದರು.

ಹಾಗಾಗಿ ವಾಡಿಕೆ: ಗುಳಿಗೆ ಶುರುಮಾಡಿದ ವರ್ಷದೊಳಗೆ ಒಂದು ಸಲ ರೆಟಿನಾ ನೋಡಿಸುವುದು, ಐದು ವರ್ಷ ತುಂಬಿದ ಮೇಲೆ ಪ್ರತಿ ವರ್ಷ. ಅಪಾಯ ಜಾಸ್ತಿ ಮಾಡುವ ಅಂಶ ಇದ್ದರೆ ಐದು ವರ್ಷ ಕಾಯುವುದಿಲ್ಲ, ಒಂದು ವರ್ಷದಿಂದಲೇ ಶುರು.

ಬ್ರಿಟನ್ನಿನವರು ಆ ಮೊದಲ ತಪಾಸಣೆಯನ್ನೇ ಕೈಬಿಟ್ಟಿದ್ದಾರೆ. ನಮ್ಮಲ್ಲಿ ಬಿಡಬಾರದು ಅನ್ನುವುದು ನನ್ನ ಮಟ್ಟಿಗಿನ ಅಭಿಪ್ರಾಯ. ಐವತ್ತು ದಾಟಿದವರಲ್ಲಿ ಸಕ್ಕರೆ ಕಾಯಿಲೆಯ ಕಲೆಯೋ, ವಯಸ್ಸಿನಿಂದ ಮ್ಯಾಕ್ಯುಲಾ, ಅಂದರೆ ರೆಟಿನಾದ ನಡುಭಾಗ, ಸವೆದದ್ದೋ ಮೊದಲೇ ಇರ್ತದೆ. ಏಳು ವರ್ಷ ಬಿಟ್ಟು ನೋಡಿದಾಗ ಇದು ಗುಳಿಗೆಯದ್ದೋ ಹಳೇದೋ ಅಂತ ಹೇಳಲಿಕ್ಕೆ ಯಾರಿಗೂ ಆಗುವುದಿಲ್ಲ. ಕೊನೆಗೆ ಅನುಮಾನದ ಮೇಲೆ ಒಳ್ಳೇ ಔಷಧಿ ನಿಲ್ಲಿಸ್ತಾರೆ.

ಕಾಳಿ ಸಂಗಮ (ಕಾರವಾರ)

ಬಂದೆ. ದೀಪ ಹಾಕಿ ನೋಡಿದ್ದು ಸಾಕಾಗುವುದಿಲ್ಲ ಹೆಗಡೇರೇ. ದೀಪದಲ್ಲಿ ಕಾಣುವ ಗುರುತಿಗೆ "ಎತ್ತಿನ ಕಣ್ಣು" ಅಂತ ಹೆಸರು, ಮಧ್ಯದ ಚುಕ್ಕೆ ಸುತ್ತ ಬಣ್ಣಗೆಟ್ಟ ಬಳೆ. ಅದು ಕಂಡಾಗ ಆಟ ಮುಗಿದಿರ್ತದೆ. ಆ ಜಾಗದ ಬೆಳಕು ಹಿಡಿಯುವ ಕೋಶಗಳು ಸತ್ತ ಮೇಲೆ ಮೂಡುವ ಗುರುತು ಅದು. ನಮಗೆ ಬೇಕಾದದ್ದು ಅದಕ್ಕೆ ವರ್ಷಗಳ ಮುಂಚಿನ ಸುಳಿವು.

ಎರಡು ಪರೀಕ್ಷೆ, ಎರಡೂ ಬೇಕು.

ಮೊದಲನೇದು ಓಸಿಟಿ. ಗಲ್ಲ ಇಟ್ಟು ಒಳಗಿನ ಗುರುತು ನೋಡ್ತಾ ಕೂತರೆ ಒಂದೆರಡು ನಿಮಿಷ. ರೆಟಿನಾವನ್ನು ಪದರ ಪದರವಾಗಿ ಅಡ್ಡ ಕೊಯ್ದ ಹಾಗೆ ಚಿತ್ರ ಬರ್ತದೆ. ಅದರಲ್ಲಿ ಕೆಳಗಿನಿಂದ ಎಣಿಸಿದರೆ ಹೊಳೆಯುವ ಎರಡು ಮೂರು ಗೆರೆ ಇರ್ತವೆ. ಅವುಗಳಲ್ಲಿ ಎಲಿಪ್ಸಾಯ್ಡ್ ಅನ್ನುವ ಗೆರೆ ನಮಗೆ ಬೇಕಾದದ್ದು. ಗುಳಿಗೆಯ ಪೆಟ್ಟು ಬಿದ್ದಲ್ಲಿ ಮಧ್ಯದ ತಗ್ಗಿನ ಎರಡೂ ಪಕ್ಕ ಆ ಗೆರೆ ಮಾಸಿ ಹರಿದಿರ್ತದೆ, ನಡುವೆ ಒಂದು ತುಂಡು ಗಟ್ಟಿಯಾಗಿ ಉಳಿದಿರ್ತದೆ. ಆ ತುಂಡಿನ ಆಕಾರ ಹಾರುವ ತಟ್ಟೆಯಂತೆ. ಮಧ್ಯ ಉಳಿದಿರುವುದರಿಂದಲೇ ಗೋಡೆಯ ಅಕ್ಷರ ಓದುವ ಪರೀಕ್ಷೆಯಲ್ಲಿ 6/6 ಬರ್ತದೆ, ಎಲ್ಲ ಸರಿ ಇದೆ ಅಂತ ಮನೆಗೆ ಹೋಗ್ತಾರೆ.

ಎರಡನೇದು ಫೀಲ್ಡ್ ಪರೀಕ್ಷೆ, 10-2 ಅನ್ನುವ ಮಾದರಿ. ದೃಷ್ಟಿಯ ಮಧ್ಯದ 10 ಡಿಗ್ರಿಯೊಳಗೆ 2 ಡಿಗ್ರಿ ಅಂತರದಲ್ಲಿ 68 ಜಾಗದಲ್ಲಿ ಬೆಳಕಿನ ಚುಕ್ಕೆ ಮಿನುಗ್ತದೆ, ಕಂಡಾಗ ಗುಂಡಿ ಒತ್ತಬೇಕು. ಗ್ಲಾಕೋಮಾಕ್ಕೆ (ಕಣ್ಣಿನ ಒತ್ತಡದ ಕಾಯಿಲೆಗೆ) ಮಾಡುವ 24-2ರಲ್ಲಿ ಅಂತರ 6 ಡಿಗ್ರಿ, ಸಣ್ಣ ಬಳೆ ಅದರ ಸಂದಿಯಲ್ಲೇ ನುಸುಳಿಹೋಗ್ತದೆ. ಚೀಟಿಯಲ್ಲಿ ಬರೀ "ಫೀಲ್ಡ್" ಅಂತ ಬರೆದಿದ್ದರೆ ಯಂತ್ರದಲ್ಲಿ ರೂಢಿಯಿಂದ ಇಟ್ಟಿರುವ 24-2 ಮಾಡಿ ಕಳಿಸುವುದೇ ಹೆಚ್ಚು. ಅದಕ್ಕೇ ಕೂರುವ ಮುಂಚೆ ಯಾವ ಮಾದರಿ ಅಂತ ಕೇಳಿ.

ಆದರೆ ಒಂದು ತಿರುವು ಇದೆ. ಏಷ್ಯಾ ಮೂಲದವರಲ್ಲಿ ಪೆಟ್ಟು ಎಷ್ಟೋ ಸಲ ಮಧ್ಯದಿಂದ ದೂರ, ರಕ್ತನಾಳದ ಕಮಾನುಗಳ ಹತ್ತಿರ ಶುರುವಾಗ್ತದೆ ಅಂತ 2015ರಲ್ಲಿ ಗೊತ್ತಾಯ್ತು. 10-2 ಅಷ್ಟು ದೂರ ಹೋಗುವುದಿಲ್ಲ. ಹಾಗಾಗಿ ನಮ್ಮವರಿಗೆ 10-2ರ ಜೊತೆ ಇನ್ನೂ ಅಗಲಕ್ಕೆ ನೋಡುವ 24-2 ಅಥವಾ 30-2 ಕೂಡ ಬೇಕು. ಓಸಿಟಿಯನ್ನೂ ಕಮಾನಿನವರೆಗೆ ಅಗಲವಾಗಿ ತೆಗೆಸಬೇಕು. ಇದಕ್ಕೆ ಬೇರೆ ಯಂತ್ರ ಬೇಕಾಗಿಲ್ಲ, ತೆಗೆಯುವವರು ಚೌಕ ದೊಡ್ಡದು ಆರಿಸಿದರೆ ಆಯ್ತು.

ಕರಿ ಇಶಾಡ (ಅಂಕೋಲಾ)

ಫೀಲ್ಡ್ ಪರೀಕ್ಷೆ ಕೆಡುವುದು ಯಂತ್ರದಿಂದ ಅಲ್ಲ, ಕೂತವರಿಂದ. ಸಂಗಮದವರು ಹೇಳ್ಬೇಕಿತ್ತು, ನಾನೇ ಹೇಳ್ತೆ.

ಷೋಗ್ರೆನ್ಸ್ ಇದ್ದವರ ಕಣ್ಣು ಒಣಗಿರ್ತದೆ. ರೆಪ್ಪೆ ಬಡಿಯದೆ ದಿಟ್ಟಿಸಿದರೆ ಅರ್ಧ ನಿಮಿಷಕ್ಕೆ ಮಸುಕು, ಆ ಮಸುಕಲ್ಲಿ ಚುಕ್ಕೆ ತಪ್ಪಿದರೆ ಕಾಗದದ ಮೇಲೆ ಕಪ್ಪು ಚೌಕ ಬೀಳ್ತದೆ. ಹತ್ತು ನಿಮಿಷ ಮುಂಚೆ ಕಣ್ಣೀರಿನ ಹನಿ ಹಾಕ್ಕೊಳ್ಳಿ. ಗುಂಡಿ ಒತ್ತುವ ಹೊತ್ತಿಗೇ ರೆಪ್ಪೆ ಬಡಿಯಿರಿ, ಆಗ ಚುಕ್ಕೆ ತಪ್ಪುವುದಿಲ್ಲ. ಸುಸ್ತಾದರೆ ಗುಂಡಿ ಒತ್ತಿ ಹಿಡ್ಕೊಳ್ಳಿ, ನಮ್ಮ ಕಡೆ ಹೆಚ್ಚು ಕಾಣುವ ಯಂತ್ರಗಳಲ್ಲಿ ಅಲ್ಲಿಗೇ ನಿಲ್ತದೆ, ಬಿಟ್ಟರೆ ಮುಂದುವರೀತದೆ. ಜೋತುಬಿದ್ದ ರೆಪ್ಪೆಯಾದರೆ ಟೇಪ್ ಹಚ್ಚಿಸಿಕೊಳ್ಳಿ, ಇಲ್ಲದಿದ್ದರೆ ಮೇಲ್ಭಾಗ ಪೂರ್ತಿ ಕಪ್ಪು. ಓದುವ ಕನ್ನಡಕದ ನಂಬರ್ ಯಂತ್ರಕ್ಕೆ ಹಾಕಿದ್ದಾರಾ ಅಂತ ಕೇಳಿ. ಚುಕ್ಕೆ ಮಿನುಗುವ ಬಟ್ಟಲು ಇರುವುದು ಒಂದು ಅಡಿ ದೂರದಲ್ಲಿ, ದೂರದ ನಂಬರ್ ಅಲ್ಲಿಗೆ ಸಾಲುವುದಿಲ್ಲ. ಇನ್ನು, ಪಾಪೆ ಅಗಲ ಮಾಡುವ ಔಷಧಿ ಹಾಕುವ ಮುಂಚೆ ಫೀಲ್ಡ್ ಆಗಬೇಕು. ಆಮೇಲೆ ಮಾಡಿದರೆ ಅದು ದಂಡಕ್ಕೆ.

ಮೊದಲ ಸಲದ ಫಲಿತಾಂಶ ಯಾವತ್ತೂ ಸ್ವಲ್ಪ ಕೆಟ್ಟದಾಗೇ ಬರ್ತದೆ. ಕಾಗದದ ಮೇಲ್ತುದಿಯಲ್ಲಿ ದೃಷ್ಟಿ ತಪ್ಪಿದ ಲೆಕ್ಕ, ಸುಮ್ಮಸುಮ್ಮನೆ ಒತ್ತಿದ ಲೆಕ್ಕ ಬರೆದಿರ್ತದೆ. ಅದು ಜಾಸ್ತಿ ಇದ್ದರೆ ಇನ್ನೊಂದು ದಿನ ಮತ್ತೆ ಮಾಡಿಸಿ. ಒಂದೇ ಕಾಗದ ನೋಡಿ ಗುಳಿಗೆ ನಿಲ್ಲಿಸಿದರೆ ಅದು ದುಡುಕು.

ಗುಳಿಗೆ ಲೆಕ್ಕ (ಕುಮಟಾ)

ಶರಾವತಿಯವರು "ಅಪಾಯ ಜಾಸ್ತಿ ಮಾಡುವ ಅಂಶ" ಅಂದು ಮುಂದೆ ಹೋದರು. ಅದನ್ನು ಬಿಡಿಸುವ.

ದೊಡ್ಡದು ಕಿಡ್ನಿ. ಔಷಧಿಯ ಒಳ್ಳೇ ಪಾಲು ಹೊರಗೆ ಹೋಗುವುದು ಕಿಡ್ನಿಯಿಂದ. ಇಜಿಎಫ್ಆರ್ (ಕಿಡ್ನಿ ಎಷ್ಟು ಸೋಸ್ತದೆ ಅನ್ನುವ ಅಂಕಿ) 60ಕ್ಕಿಂತ ಕೆಳಗಿದ್ದರೆ ಅದೇ ಗುಳಿಗೆ ರಕ್ತದಲ್ಲಿ ಹೆಚ್ಚು ನಿಲ್ತದೆ, ಅಂದರೆ ನೀವು ಅಳತೆಯಲ್ಲೇ ನುಂಗಿದರೂ ಕಣ್ಣಿಗೆ ಸಿಗುವುದು ಅಳತೆ ಮೀರಿ. ಇಲ್ಲಿ ಲ್ಯಾಬ್ ಕಾಗದ ಮೋಸ ಮಾಡ್ತದೆ. 65 ವರ್ಷದ ಹೆಂಗಸಿಗೆ ಕ್ರಿಯಾಟಿನಿನ್ 1.1 ಬಂದರೆ ಪಕ್ಕದಲ್ಲಿ ನಾರ್ಮಲ್ ಅಂತಲೇ ಇರ್ತದೆ, ಆದರೆ ಲೆಕ್ಕ ಹಾಕಿದರೆ ಇಜಿಎಫ್ಆರ್ 56ರ ಹತ್ತಿರ. ಲೂಪಸ್ ಕಿಡ್ನಿಗೇ ಕೈಹಾಕುವ ಕಾಯಿಲೆ, ಹಾಗಾಗಿ ವರ್ಷಕ್ಕೊಮ್ಮೆ ನೋಡಿದರೆ ಸಾಲದು.

ಇನ್ನೊಂದು ಟಮಾಕ್ಸಿಫೆನ್, ಸ್ತನ ಕ್ಯಾನ್ಸರಿನ ಗುಳಿಗೆ. ಎರಡೂ ಒಟ್ಟಿಗೆ ಇದ್ದರೆ ಅಪಾಯ ಸುಮಾರು ಐದು ಪಟ್ಟು. ಇಬ್ಬರು ಬೇರೆ ಬೇರೆ ಡಾಕ್ಟ್ರು ಬೇರೆ ಬೇರೆ ಊರಲ್ಲಿ ಬರೆದುಕೊಟ್ಟಿರ್ತಾರೆ, ಒಬ್ಬರ ಚೀಟಿ ಇನ್ನೊಬ್ಬರಿಗೆ ಕಾಣುವುದಿಲ್ಲ.

ಮೂರನೇದು ನಮ್ಮ ದೇಶದ್ದೇ ವಿಶೇಷ. 2014ರಿಂದ ಇಲ್ಲಿ ಇದೇ ಔಷಧಿಗೆ ಸಕ್ಕರೆ ಕಾಯಿಲೆಗೂ ಒಪ್ಪಿಗೆ ಇದೆ. ಶುಗರಿಗೆ ಒಂದು ಕಂಪನಿಯ ಹೆಸರಲ್ಲಿ 400, ಕೀಲಿಗೆ ಇನ್ನೊಂದು ಕಂಪನಿಯ ಹೆಸರಲ್ಲಿ 200. ಪಟ್ಟಿಯ ಬಣ್ಣ ಬೇರೆ, ಹೆಸರು ಬೇರೆ, ಒಳಗಿನದು ಒಂದೇ. ಪಟ್ಟಿಯ ಹಿಂದೆ ಸಣ್ಣ ಅಕ್ಷರದಲ್ಲಿ ಇರುವ ಔಷಧಿಯ ಹೆಸರು ಓದಿ, ದೊಡ್ಡ ಅಕ್ಷರದ ಕಂಪನಿ ಹೆಸರಲ್ಲ. ಎಲ್ಲ ಪಟ್ಟಿಗಳನ್ನೂ ಒಂದೇ ಚೀಲದಲ್ಲಿ ಹಾಕ್ಕೊಂಡು ಹೋಗಿ ಕೌಂಟರಿನ ಮೇಲೆ ಸುರುವಿದರೆ ಎರಡೇ ನಿಮಿಷದಲ್ಲಿ ಗೊತ್ತಾಗ್ತದೆ.

ಹಳೇ ಕ್ಲೋರೋಕ್ವಿನ್ ಇದಕ್ಕಿಂತ ಕಣ್ಣಿಗೆ ಕೆಟ್ಟದ್ದು. ಅದರ ಮಿತಿ ಕಿಲೋಗೆ 2.3. ಅರ್ಧ ಹೆಸರು ಒಂದೇ ಅಂತ ಬದಲಿ ತಗೊಳ್ಳಬೇಡಿ.

ತೋಟದಮನೆ (ಶಿರಸಿ)

ಮನೆಯಲ್ಲೇ ನೋಡ್ಕಳ್ಳೋ ಚೌಕದ ಕಾಗದ ಬತ್ತಲ್ಲ, ಆಮ್ಸ್ಲರ್ ಗ್ರಿಡ್. ಅದು ಅಡ್ಡಿಲ್ಯಾ?

ಕಾಳಿ ಸಂಗಮ (ಕಾರವಾರ)

ಅಡ್ಡಿಲ್ಲ, ಆದರೆ ಈ ಗುಳಿಗೆಯ ತಪಾಸಣೆಗೆ ಲೆಕ್ಕಕ್ಕಿಲ್ಲ. ಗ್ರಿಡ್ಡಿನಲ್ಲಿ ಗೆರೆ ಮಾಯವಾಗುವ ಹೊತ್ತಿಗೆ ಓಸಿಟಿಯಲ್ಲಿ ಎಂದೋ ಕಂಡಿರ್ತದೆ. ಬಣ್ಣದ ಪುಸ್ತಕವೂ ಅಷ್ಟೇ.

ಗ್ರಿಡ್ ಉಪಯೋಗಕ್ಕೆ ಬರುವುದು ಸ್ಟಿರಾಯ್ಡಿನಿಂದ ಬರುವ ಇನ್ನೊಂದು ತೊಂದರೆಗೆ. ಅದನ್ನು ಯಾರಾದರೂ ಬರೀತಾರೆ.

ಹೆದರದೇ ಇರಬೇಕಾದ ಎರಡು ಸಂಗತಿ ಇಲ್ಲೇ ಹೇಳಿಬಿಡ್ತೇನೆ. ಶುರುವಿನ ವಾರಗಳಲ್ಲಿ ಹತ್ತಿರದ ಅಕ್ಷರ ಮಸುಕಾಗಬಹುದು, ಅದು ಫೋಕಸ್ ಮಾಡುವ ಸ್ನಾಯುವಿನ ಆಲಸ್ಯ, ಹೋಗ್ತದೆ. ಮತ್ತೆ ಕಾರ್ನಿಯಾದ (ಕಣ್ಣಿನ ಮುಂಭಾಗದ ಗಾಜಿನಂಥ ಪದರದ) ಮೇಲೆ ಸುಳಿಯಂಥ ಕಂದು ಗೆರೆ ಕೂರಬಹುದು. ಬೀದಿದೀಪದ ಸುತ್ತ ಬಳೆ ಕಂಡರೂ ಕಾಣಬಹುದು. ಗುಳಿಗೆ ನಿಂತರೆ ಅದೂ ಮಾಯ. ರೆಟಿನಾದ ಪೆಟ್ಟು ಮಾತ್ರ ಮಾಯವಾಗುವ ಜಾತಿಯಲ್ಲ.

ಬೈತಖೋಲ ಬಂದರು (ಕಾರವಾರ)

ಇಷ್ಟೊತ್ತು ಒಂದು ಗುಳಿಗೆ ಮೇಲೇ ಎಲ್ಲರೂ ಬಿದ್ದಿದ್ದೀರಿ. ಕಣ್ಣಿಗೆ ದಿನನಿತ್ಯ ಕಾಟ ಕೊಡುವುದು ಅದರ ಪಕ್ಕದ ಪಟ್ಟಿ, ಪ್ರೆಡ್ನಿಸೋಲೋನ್ ಅನ್ನುವ ಸ್ಟಿರಾಯ್ಡ್. ಅದನ್ನು ಯಾರೂ ಬೈಯುವುದಿಲ್ಲ, ಯಾಕೆಂದರೆ ನೋವು ಎರಡೇ ದಿನಕ್ಕೆ ಇಳಿಸ್ತದೆ.

ಪೊರೆ ಮೊದಲನೇದು. ಸ್ಟಿರಾಯ್ಡಿನ ಪೊರೆ ಲೆನ್ಸಿನ ಹಿಂಬದಿಯಲ್ಲಿ, ನಟ್ಟನಡುವೆ ಕೂರ್ತದೆ. ವಯಸ್ಸಿನ ಪೊರೆಯ ಹಾಗೆ ನಿಧಾನ ಮಂಜಲ್ಲ. ಬಿಸಿಲಿಗೆ ಪಾಪೆ ಕಿರಿದಾದ ಕೂಡಲೇ ಬೆಳಕೆಲ್ಲ ಆ ಕಲೆಯ ಮೂಲಕವೇ ಹೋಗಬೇಕು, ಹಾಗಾಗಿ ನಡುಹಗಲಲ್ಲಿ ಕಡಲದಂಡೆ ಮೇಲೆ ಕಣ್ಣು ಕುಕ್ಕಿ ಏನೂ ಕಾಣುವುದಿಲ್ಲ, ಸಂಜೆ ಮಬ್ಬಿನಲ್ಲಿ ಬಲೆಯ ಕಣ್ಣು ಎಣಿಸಬಹುದು. ಹಗಲು ಕಮ್ಮಿ, ಸಂಜೆ ಜಾಸ್ತಿ ಅನ್ನುವ ದೂರು ಬಂದರೆ ಮೊದಲು ಸ್ಟಿರಾಯ್ಡ್ ಕೇಳಿ. ಓದುವುದೂ ದೂರದ್ದಕ್ಕಿಂತ ಮೊದಲೇ ಕೆಡ್ತದೆ. ಮೂವತ್ತರ ವಯಸ್ಸಿನಲ್ಲೂ ಬರ್ತದೆ.

ಎರಡನೇದು ಕಣ್ಣಿನ ಒತ್ತಡ. ಸಾಮಾನ್ಯ ಮಿತಿ 10ರಿಂದ 21. ಮೂರರಲ್ಲಿ ಒಬ್ಬರಿಗೆ ಸ್ಟಿರಾಯ್ಡಿನಿಂದ ಒತ್ತಡ ಏರ್ತದೆ, ಕೆಲವರಿಗೆ ಜೋರಾಗಿ. ಮನೆಯಲ್ಲಿ ಯಾರಿಗಾದರೂ ಗ್ಲಾಕೋಮಾ ಇದ್ದರೆ ಸಾಧ್ಯತೆ ಇನ್ನೂ ಹೆಚ್ಚು. ಗುಳಿಗೆಗಿಂತ ಕಣ್ಣಿಗೆ ಬಿಡುವ ಹನಿಯಿಂದ ಹೆಚ್ಚು, ಅದೂ ಕೆಲವೇ ವಾರಗಳಲ್ಲಿ. ನೋವಿಲ್ಲ, ಕೆಂಪಿಲ್ಲ, ಅಂಚಿನಿಂದ ದೃಷ್ಟಿ ಸವೆಯುವುದು ಗೊತ್ತೇ ಆಗುವುದಿಲ್ಲ. ಶುರುಮಾಡಿ ಒಂದು ತಿಂಗಳಿಗೆ ಒಮ್ಮೆ, ಮೂರು ತಿಂಗಳಿಗೆ ಒಮ್ಮೆ, ಆಮೇಲೆ ಆರು ತಿಂಗಳಿಗೊಮ್ಮೆ ಒತ್ತಡ ಅಳೆಸಿದರೆ ಸಿಕ್ಕಿಬೀಳ್ತದೆ. ಐದು ನಿಮಿಷದ ಕೆಲಸ.

ಕೆಂಗಣ್ಣು ಬಂದಾಗ ಚೀಟಿ ಇಲ್ಲದೆ ತಂದ ಹನಿ, ಮುಂದಿನ ಸಲ ಕಣ್ಣು ತುರಿಸಿದಾಗ ಅದೇ ಬಾಟ್ಲಿ, ಮನೆಮಂದಿಗೆಲ್ಲ ಅದೇ ಬಾಟ್ಲಿ. ಹೆಸರಲ್ಲಿ ಡೆಕ್ಸಾ, ಬೀಟಾ, ಪ್ರೆಡ್ ಅಂತ ಇದ್ದರೆ ಅದು ಸ್ಟಿರಾಯ್ಡ್. ಷೋಗ್ರೆನ್ಸ್‌ನವರಿಗೆ ತಂಪಾಗ್ತದೆ ಅಂತ ಇದನ್ನೇ ವರ್ಷಗಟ್ಟಲೆ ಬಿಡುವುದುಂಟು. ಕೀಲುನೋವಿಗೆ ಅಂತ ಹೆಸರಿಲ್ಲದ ಪೊಟ್ಟಣದಲ್ಲಿ ಕೊಡುವ ಪುಡಿ ಒಂದೇ ದಿನಕ್ಕೆ ಕೆಲಸ ಮಾಡಿದರೆ ಅದರೊಳಗೂ ಇದೇ ಇದ್ದೀತು ಅಂತ ತಿಳ್ಕೊಳ್ಳಿ.

ಶರಾವತಿ ದಂಡೆ (ಹೊನ್ನಾವರ)

ಸಂಗಮದವರು ಗ್ರಿಡ್ ಬಗ್ಗೆ ಬಾಕಿ ಇಟ್ಟದ್ದು ಇದು: ಸೆಂಟ್ರಲ್ ಸೀರಸ್. ಸ್ಟಿರಾಯ್ಡ್ ತಗೊಳ್ಳುವವರಲ್ಲಿ ಮ್ಯಾಕ್ಯುಲಾದ ಕೆಳಗೆ ನೀರು ಸೋರಿ ಗುಳ್ಳೆ ಕಟ್ಟುವುದು. ಒಂದು ಕಣ್ಣಲ್ಲಿ ನಡುವೆ ಬೂದು ನಾಣ್ಯ ಇಟ್ಟ ಹಾಗೆ, ಬಾಗಿಲ ಚೌಕಟ್ಟು ಸೊಟ್ಟ, ಆ ಕಣ್ಣಲ್ಲಿ ನೋಡಿದರೆ ಎಲ್ಲ ಸ್ವಲ್ಪ ಚಿಕ್ಕದು. ಗುಳಿಗೆಯಿಂದ ಮಾತ್ರವಲ್ಲ, ಮೂಗಿನ ಸ್ಪ್ರೇ, ಉಬ್ಬಸದ ಪಂಪ್, ಚರ್ಮದ ಮುಲಾಮು, ಮೊಣಕಾಲಿಗೆ ಚುಚ್ಚಿದ ಇಂಜೆಕ್ಷನ್ ಇವುಗಳಿಂದಲೂ ಬಂದದ್ದು ದಾಖಲಾಗಿದೆ.

ಎಡವುವುದು ಇಲ್ಲಿ. ಲೂಪಸ್ ಇದ್ದವರ ಕಣ್ಣಲ್ಲಿ ನೀರು ಕಂಡರೆ ಕಾಯಿಲೆ ಕಣ್ಣಿಗೆ ಏರಿತು ಅಂತ ಸ್ಟಿರಾಯ್ಡ್ ಹೆಚ್ಚು ಮಾಡ್ತಾರೆ. ಸೆಂಟ್ರಲ್ ಸೀರಸ್ ಆಗಿದ್ದರೆ ಅದರಿಂದ ನೀರು ಇನ್ನೂ ಉಕ್ಕುತ್ತದೆ. ತದ್ವಿರುದ್ಧವಾಗಿ ವಿಕೆಎಚ್ ಅನ್ನುವ ಇನ್ನೊಂದು ಸ್ವಪ್ರತಿರಕ್ಷಣಾ ಕಾಯಿಲೆಯಲ್ಲೂ ರೆಟಿನಾ ಕೆಳಗೆ ಹೀಗೇ ನೀರು, ಅದಕ್ಕೆ ತುರ್ತಾಗಿ ದೊಡ್ಡ ಡೋಸ್ ಸ್ಟಿರಾಯ್ಡೇ ಬೇಕು. ಮೇಲ್ನೋಟಕ್ಕೆ ಒಂದೇ, ಚಿಕಿತ್ಸೆ ಉಲ್ಟಾ. ವಿಕೆಎಚ್ ಸಾಮಾನ್ಯವಾಗಿ ಎರಡೂ ಕಣ್ಣಿಗೆ ಬರ್ತದೆ, ತಲೆನೋವು, ಕಿವಿಯಲ್ಲಿ ಗುಂಯ್ ಅನ್ನುವುದು ಜೊತೆಗಿರ್ತದೆ. ಓಸಿಟಿ ಮತ್ತು ಕೈನರಕ್ಕೆ ಬಣ್ಣ ಚುಚ್ಚಿ ತೆಗೆಯುವ ಆಂಜಿಯೋಗ್ರಾಂ ಇಲ್ಲದೆ ಬೇರೆ ಮಾಡುವುದು ಕಷ್ಟ. ಹಾಗಾಗಿ ಸ್ಟಿರಾಯ್ಡ್ ತಗೊಳ್ಳುವವರಿಗೆ ದೃಷ್ಟಿ ಸೊಟ್ಟಾದರೆ ಕಣ್ಣಿನವರ ಹತ್ರ "ಇಷ್ಟು ಮಿ.ಗ್ರಾಂ., ಇಷ್ಟು ತಿಂಗಳಿಂದ" ಅಂತ ಮೊದಲ ವಾಕ್ಯದಲ್ಲೇ ಹೇಳಿ.

ಸೆಂಟ್ರಲ್ ಸೀರಸ್ ಅಂತ ಖಾತ್ರಿಯಾದರೂ ಪ್ರೆಡ್ನಿಸೋಲೋನನ್ನು ತಾವೇ ಥಟ್ಟನೆ ನಿಲ್ಲಿಸಬಾರದು. ಮೂರು ವಾರಕ್ಕಿಂತ ಹೆಚ್ಚು ತಗೊಂಡಿದ್ದರೆ ಮೈ ತನ್ನ ಸ್ವಂತ ಕಾರ್ಟಿಸೋಲ್ ಮಾಡುವುದು ಬಿಟ್ಟಿರ್ತದೆ. ವಾಂತಿ, ಬಿಪಿ ಇಳಿದು ಬೀಳುವುದು, ಅಲ್ಲಿಂದ ಐಸಿಯು. ಮೆಟ್ಟಿಲು ಇಳಿದ ಹಾಗೆ ಇಳಿಸಬೇಕು.

ಕರಿ ಇಶಾಡ (ಅಂಕೋಲಾ)

ಆಮವಾತಕ್ಕೆ ಕೊಡುವ ಟೋಫಾಸಿಟಿನಿಬ್ ತರದ ಹೊಸ ಗುಳಿಗೆಯವರಿಗೆ ಒಂದು ಸೇರಿಸ್ತೆ. ಅದರಲ್ಲಿ ಸರ್ಪಸುತ್ತು ಹೆಚ್ಚು. ಹಣೆ, ರೆಪ್ಪೆ, ಅದರಲ್ಲೂ ಮೂಗಿನ ತುದಿಯ ಮೇಲೆ ಗುಳ್ಳೆ ಎದ್ದರೆ ಕಣ್ಣಿಗೂ ಇಳಿಯುವ ಸಾಧ್ಯತೆ ಜಾಸ್ತಿ, ಎರಡಕ್ಕೂ ನರ ಒಂದೇ. ಗುಳ್ಳೆ ಎದ್ದ 72 ಗಂಟೆಯೊಳಗೆ ಆಸಿಕ್ಲೋವಿರ್ 800 ದಿನಕ್ಕೆ ಐದು ಸಲ ಶುರುವಾದರೆ ಒಳ್ಳೇದು. ಕಿಡ್ನಿ ಸರಿ ಇಲ್ಲದಿದ್ದರೆ ಡೋಸ್ ಇಳಿಸ್ತಾರೆ. ನಮ್ಮಲ್ಲಿ ಆ 72 ಗಂಟೆ ಹೋಗುವುದು ಕೆಮ್ಮಣ್ಣು ಹಚ್ಚುವುದರಲ್ಲಿ. ಹಚ್ಚಬೇಕು ಅಂತ ಅಜ್ಜಿ ಹಟ ಮಾಡಿದರೆ ಹಚ್ಚಲಿ ಬಿಡಿ, ಕಣ್ಣಿನ ಹತ್ತಿರ ಬೇಡ, ಆಸ್ಪತ್ರೆಗೆ ಹೋಗುವುದು ನಿಲ್ಲುವುದೂ ಬೇಡ.

ಸ್ಟಿರಾಯ್ಡಿನಿಂದ ಮೂಳೆ ಸವೆದವರಿಗೆ ಕೊಡುವ ಅಲೆಂಡ್ರೊನೇಟ್, ಝೊಲೆಡ್ರೊನಿಕ್‌ನಿಂದಲೂ ಅಪರೂಪಕ್ಕೆ ಕಣ್ಣು ಉರಿಯೂತವಾಗಿ ಕೆಂಪಾಗ್ತದೆ. ಇಂಜೆಕ್ಷನ್ ಆದ ಕೆಲವೇ ದಿನಕ್ಕೆ ಕಣ್ಣು ಕೆಂಪು, ನೋವು, ಬೆಳಕು ತಡೆಯುವುದಿಲ್ಲ ಅಂದರೆ ಮದ್ರಾಸ್ ಐ ಅಂತ ಸುಮ್ಮನಿರಬೇಡಿ.

ತೋಟದಮನೆ (ಶಿರಸಿ)

ಈಗ ನೆಲದ ಮಾತು. ಇದನ್ನೆಲ್ಲ ಎಲ್ಲಿ ಮಾಡಿಸೂದು? ಶಿರಸಿಯಿಂದ ಹುಬ್ಬಳ್ಳಿ ನೂರು ಕಿ.ಮೀ. ಹತ್ತಿರ. ಕಾರವಾರದವರು ಗೋವೆಗೆ ಹೋಗ್ತರು, ಭಟ್ಕಳದವರು ಮಣಿಪಾಲಕ್ಕೆ. ಹೋಗಿ ಮಶಿನ್ ಇಲ್ಲೆ ಹೇಳಿಸ್ಕಂಡು ಬರೂದಾದ್ರೆ ಒಂದು ದಿನದ ಕೂಲಿ, ಬಸ್ ಚಾರ್ಜು ಎರಡೂ ಹೋತು.

ಕಾಳಿ ಸಂಗಮ (ಕಾರವಾರ)

ಫೋನ್ ಮಾಡದೆ ಹೊರಡಬೇಡಿ. ಓಸಿಟಿ ಇದೆಯಾ, ಫೀಲ್ಡಿನಲ್ಲಿ 10-2 ಮಾಡ್ತೀರಾ, ಎರಡೂ ಒಂದೇ ದಿನ ಆಗ್ತದಾ ಅಂತ ಕೇಳಿ. ಮೂರನೇದಕ್ಕೆ "ಇಲ್ಲ" ಬಂದರೆ ಬೇರೆ ಕಡೆ ಕೇಳುವುದೇ ಲೇಸು. ವರ್ಷಕ್ಕೊಂದೇ ಸಲದ ಕೆಲಸ ಇದು, ಕೀಲಿನ ಡಾಕ್ಟ್ರಿಗೆ ತೋರಿಸಲಿಕ್ಕೆ ಹೋಗುವ ದಿನಕ್ಕೇ ಜೋಡಿಸಿಕೊಳ್ಳಿ. ಪ್ರತಿ ವರ್ಷ ಅದೇ ಜಾಗದಲ್ಲಿ, ಅದೇ ಯಂತ್ರದಲ್ಲಿ ಮಾಡಿಸಿ. ಎರಡು ಕಂಪನಿಯ ಓಸಿಟಿಯ ದಪ್ಪದ ಅಂಕಿ ಹೋಲಿಸಲಿಕ್ಕೆ ಬರುವುದಿಲ್ಲ.

ಕಾಗದ ಕೈಗೆ ಬಂದ ದಿನವೇ ಮೊಬೈಲಿನಲ್ಲಿ ಫೋಟೊ ತೆಗೆದಿಡಿ. ಕೆಲವು ಹಳೇ ಯಂತ್ರದ ಪ್ರಿಂಟು ಬಸ್ ಟಿಕೆಟಿನ ಕಾಗದದ ಜಾತಿ, ನಮ್ಮ ಮಳೆಗಾಲದ ತೇವಕ್ಕೆ ಕಪಾಟಿನಲ್ಲೇ ಮಾಸಿ ಬೆಳ್ಳಗಾಗ್ತದೆ.

ಪಾಪೆ ಅಗಲ ಮಾಡಿದ ಮೇಲೆ ನಾಲ್ಕರಿಂದ ಆರು ಗಂಟೆ ಹತ್ತಿರದ್ದು ಮಸುಕು, ಬಿಸಿಲು ಚುಚ್ಚುತ್ತದೆ. ಕುಮಟಾದಲ್ಲಿ ಔಷಧಿ ಬಿಡಿಸಿಕೊಂಡು ಬೈಕಿನಲ್ಲಿ ದೇವಿಮನೆ ಘಟ್ಟ ಹತ್ತುವ ಸಾಹಸ ಬೇಡ. ಟೋಪಿ, ಕಪ್ಪು ಕನ್ನಡಕ, ಬಸ್ಸು.

ಬೈತಖೋಲ ಬಂದರು (ಕಾರವಾರ)

ಯಾರೂ ಕೇಳಲಿಲ್ಲ, ನಾನೇ ಕೇಳ್ತೇನೆ. ಓಸಿಟಿಯಲ್ಲಿ ಗೆರೆ ಹರಿದದ್ದು ಕಂಡಿತು. ಮುಂದೆ?

ಶರಾವತಿ ದಂಡೆ (ಹೊನ್ನಾವರ)

ಕಣ್ಣಿನವರು ಕೀಲಿನವರಿಗೆ ಕಾಗದ ಬರೀಬೇಕು, ರೋಗಿಯ ಕೈಲಿ "ನಿಲ್ಲಿಸಿ" ಅಂತ ಬಾಯಿಮಾತು ಕಳಿಸಬಾರದು. 2021ರಲ್ಲಿ ಅಮೆರಿಕದ ಕೀಲು, ಚರ್ಮ, ಕಣ್ಣಿನ ಸಂಘಗಳು ಒಟ್ಟಿಗೆ ಹೇಳಿಕೆ ಕೊಟ್ಟು ಒತ್ತಿ ಹೇಳಿದ್ದೂ ಇದನ್ನೇ: ಅರೆಬರೆ ಸಂಶಯದ ಮೇಲೆ ಈ ಔಷಧಿ ನಿಲ್ಲಿಸಬೇಡಿ, ಇಬ್ಬರೂ ಡಾಕ್ಟ್ರು ಮಾತಾಡಿ ತೀರ್ಮಾನಿಸಿ.

ಯಾಕೆ ಅಷ್ಟು ಒತ್ತಾಯ ಅಂದರೆ, ಲೂಪಸ್ ಸ್ಥಿರವಾಗಿದ್ದವರಲ್ಲಿ ಕೆಲವರಿಗೆ ಈ ಗುಳಿಗೆ ನಿಲ್ಲಿಸಿ ನೋಡಿದ ಕೆನಡಾದ ಪರೀಕ್ಷೆ 1991ರಲ್ಲಿ ಪ್ರಕಟವಾಯ್ತು. ನಿಲ್ಲಿಸಿದವರಲ್ಲಿ ಕಾಯಿಲೆ ಕೆರಳಿದ್ದು ಎರಡೂವರೆ ಪಟ್ಟು. ಕೆರಳಿದರೆ ಪೆಟ್ಟು ಕಿಡ್ನಿಗೆ, ಇಳಿಸಲಿಕ್ಕೆ ಮತ್ತೆ ಸ್ಟಿರಾಯ್ಡ್, ಆಮೇಲೆ ಬಂದರಿನವರು ಬರೆದ ಪೊರೆ, ಒತ್ತಡ. ಕಣ್ಣು ಉಳಿಸಲಿಕ್ಕೆ ಅಂತ ನಿಲ್ಲಿಸಿ ಕಣ್ಣಿಗೇ ಇನ್ನೊಂದು ದಾರಿಯಿಂದ ಕಾಟ. ಬಸುರಿಯಲ್ಲೂ ಇದನ್ನು ಮುಂದುವರಿಸ್ತಾರೆ, ಅಷ್ಟು ಬೇಕಾದ ಔಷಧಿ.

ಆದರೆ ಓಸಿಟಿ, ಫೀಲ್ಡ್ ಎರಡೂ ಒಂದೇ ಜಾಗದಲ್ಲಿ ಒಂದೇ ಮಾತು ಹೇಳಿದರೆ ನಿಲ್ಲಿಸಲೇಬೇಕು. ರೆಟಿನಾದ ಹಿಂದಿನ ಕಪ್ಪು ಬಣ್ಣದ ಪದರಕ್ಕೆ ಈ ಔಷಧಿ ಅಂಟಿ ಕೂತಿರ್ತದೆ. ಹಾಗಾಗಿ ನಿಲ್ಲಿಸಿದ ಮೇಲೂ ಕೆಲವರಲ್ಲಿ ಪೆಟ್ಟು ಮುಂದುವರೀತದೆ. ಬೇಗ ಸಿಕ್ಕಿದವರಲ್ಲಿ ಹೆಚ್ಚಾಗಿ ಅಲ್ಲಿಗೇ ನಿಲ್ತದೆ, ಎತ್ತಿನ ಕಣ್ಣು ಮೂಡಿದವರಲ್ಲಿ ವರ್ಷಗಟ್ಟಲೆ ಹರೀತದೆ. ಹೋದದ್ದನ್ನು ತರುವ ಔಷಧಿ ಇಲ್ಲ. ಬದಲಿಗೆ ಏನು ಅನ್ನುವುದು ಕಾಯಿಲೆ ಮೇಲೆ: ಕೀಲಿಗೆ ಮೆಥೋಟ್ರೆಕ್ಸೇಟ್, ಕಿಡ್ನಿಗೆ ಮೈಕೋಫಿನೊಲೇಟ್, ಹೀಗೆ.

ತೋಟದಮನೆ (ಶಿರಸಿ)

ಗುಳಿಗೆ ಲೆಕ್ಕದವರೇ, ನಿಮ್ಮ ಮೊದಲಿನ ಲೆಕ್ಕದಲ್ಲಿ ಒಂದು ಕಡೆ ತಪ್ಪಿದ್ದಿ. ಆರು ದಿನ 200, ಒಂದು ದಿನ 400 ಅಂದ್ರೆ ವಾರಕ್ಕೆ 1,600. ಏಳರಿಂದ ಭಾಗಿಸಿದ್ರೆ 228.6. ಅದನ್ನು 45ರಿಂದ ಭಾಗಿಸಿದ್ರೆ 5.08. ಮಿತಿ ಮೀರ್ತಲ್ಲ.

ಗುಳಿಗೆ ಲೆಕ್ಕ (ಕುಮಟಾ)

ಅಡಿಕೆ ತೂಗುವವರ ಹತ್ರ ಲೆಕ್ಕ ತಪ್ಪಬಾರದಿತ್ತು. 46 ಕೆ.ಜಿ. ಅಂತ ಓದಿಕೊಳ್ಳಿ, ಆಗ 4.97. 45 ಇದ್ದವರಿಗೆ ದಿನಾ 200 ಸಾಕು. ಕೆರಳಿದ ಕಾಯಿಲೆಯಲ್ಲಿ ನಾಲ್ಕೈದು ಕೆ.ಜಿ. ಇಳಿಯುವುದು ಸಾಮಾನ್ಯ, ಚೀಟಿ ಮಾತ್ರ ಹಳೇ ತೂಕದ್ದೇ ಇರ್ತದೆ. ಪ್ರತಿ ಸಲ ಗುಳಿಗೆ ತರಲಿಕ್ಕೆ ಬಂದಾಗ ಅಂಗಡಿಯ ತಕ್ಕಡಿ ಹತ್ತಿ ಇಳೀರಿ, ಚಪ್ಪಲಿ ಬಿಟ್ಟು.